ಒಲೆ ಕಡೆ, ಬಚ್ಚಲ ಕಡೆ

ನಮ್ಮ ಊರಿನ ಮನೆಗಳಿಗೆ ಒಂದೇ ಅಡಿಗಲ್ಲು. ನಟ್ಟನಡುವೆ ಬೀಸುಕಲ್ಲಿನಷ್ಟು ದಪ್ಪದ ಒಂದು ಕಲ್ಲು, ಅದರ ಮೇಲೆ ಇಡೀ ಮನೆ. ಗಂಡನ ಶಲ್ಯಕ್ಕೂ ಹೆಂಡತಿಯ ಸೆರಗಿಗೂ ಗಂಟು ಬಿದ್ದ ಗಳಿಗೆಯಿಂದ ಆ ಇಬ್ಬರ ಗುಣ ಎತ್ತಲೋ ಮನೆಯೂ ಅತ್ತಲೇ ವಾಲುತ್ತದೆ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ, ನಗು ಬೀದಿಗೆ ಕೇಳುವಂಥದ್ದು ಎಂಬಂಥ ಜನರಿದ್ದರೆ ಒಲೆಯ ಕಡೆಗೆ. ಹತ್ತು ಸಲ ಕೇಳಿದರೆ ಒಂದು ಸಲ ಹೂಂ ಅನ್ನುವ ತಣ್ಣನೆಯ ಜನರಿದ್ದರೆ ಬಚ್ಚಲ ಕಡೆಗೆ. ಹಾಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ನಕ್ಷತ್ರ ಕೇಳುವುದಿಲ್ಲ. ಹುಡುಗಿ ಒಲೆ ಕಡೆಯವಳೋ ಬಚ್ಚಲ ಕಡೆಯವಳೋ ಎಂದು ಕೇಳುತ್ತಾರೆ. ಒಬ್ಬರು ಅದು, ಇನ್ನೊಬ್ಬರು ಇದು ಆದರೆ ಮನೆ ಕೆರೆಯ ನೀರಿನ ಹಾಗೆ ಸಮ ನಿಲ್ಲುತ್ತದೆ.

ಸಮ ಇಲ್ಲದ ಮನೆಗಳೂ ಇದ್ದವು, ಇಲ್ಲವೆಂದಲ್ಲ. ಬಳೆ ಮಾರುವ ದುರ್ಗವ್ವ, ಅವಳ ಗಂಡ ಇಬ್ಬರೂ ಬಚ್ಚಲ ಕಡೆಯವರು. ಅವರು ಮಂಚದ ಎರಡು ಕಾಲಿಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದರು. ಸಾರನ್ನು ಗಂಗಾಳದ ಅರ್ಧಕ್ಕೆ ಮಾತ್ರ ಬಡಿಸುತ್ತಿದ್ದರು. ಅವರ ಮಕ್ಕಳು ಹೊರಗೆ ಸಮ ನೆಲದ ಮೇಲೂ ಒಂದು ಹೆಗಲು ತಗ್ಗಿಸಿಯೇ ನಡೆಯುತ್ತಿದ್ದರು. ಹಾಗೆ ನಡೆಯುವ ಮಕ್ಕಳನ್ನು ಕಂಡರೆ ಯಾರ ಮನೆಯವೆಂದು ಕೇಳಬೇಕಿರಲಿಲ್ಲ. ಅದಕ್ಕೇನೂ ಯಾರೂ ನಗುತ್ತಿರಲಿಲ್ಲ. ಬಚ್ಚಲ ಕಡೆಗೆ ಎಷ್ಟು ವಾಲಿದರೂ ಮನೆ ಮೆಲ್ಲಗೆ ವಾಲುತ್ತದೆ, ಒಂದು ಕಡೆ ನಿಲ್ಲುತ್ತದೆ. ಹೆದರಿಕೆ ಇದ್ದದ್ದು ಒಲೆ ಕಡೆಯ ಇಬ್ಬರು ಕೂಡಿದರೆ. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಅಂಥ ಒಂದು ಮನೆ ಹಾಡುಹಗಲೇ ಮಗುಚಿಕೊಂಡಿತ್ತು. ಜೀವಕ್ಕೆ ಏನೂ ಆಗಲಿಲ್ಲ. ಗಂಡ ಹೆಂಡತಿ ಮಣ್ಣು ಕೊಡವಿಕೊಂಡು ಎದ್ದು, ತಪ್ಪು ಯಾರದೆಂದು ಅಲ್ಲೇ ನಿಂತು ಜಗಳ ತೆಗೆದರು. ಆಮೇಲೆ ಅವರಿಗೆ ಊರಿನ ಹಿರಿಯರು ಇನ್ನೊಂದು ಅಡಿಗಲ್ಲು ಕೊಡಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಹೋದರು. ಎಲ್ಲಿಗೆ ಹೋದರೋ ಯಾರೂ ಕೇಳಲಿಲ್ಲ.

ನಾನು ಒಲೆ ಕಡೆಯವಳು. ನಮ್ಮ ಮನೆಯವರು ಬಚ್ಚಲ ಕಡೆಯವರು. ನಮ್ಮ ಮನೆಯ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ಹೊಸದಾಗಿ ಮದುವೆಯಾದವರನ್ನು ಕರೆತಂದು, ನೋಡಿ ಕಲಿಯಿರಿ ಎಂದು ತೋರಿಸಿ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ನಾನು ಬೇಕೆಂದೇ ತುಂಬಿದ ಚೆಂಬು ತಂದು ನಡುಮನೆಯಲ್ಲಿ ಇಡುತ್ತಿದ್ದೆ.

ಕಸ್ತೂರಿ ನಮ್ಮ ಮೊಮ್ಮಗಳು, ಮಗಳ ಮಗಳು. ತಾಯಿ ತೀರಿದ ಮೇಲೆ ನಮ್ಮಲ್ಲೇ ಬೆಳೆದಳು. ಊರಿನ ಹೆಂಗಸರೆಲ್ಲ ಸೇರಿ ಹಪ್ಪಳ ಲಟ್ಟಿಸುವ ಚಪ್ಪರವೊಂದಿತ್ತು. ಕೈಗೆ ಕೆಲಸವಿದ್ದರೂ ಕಿವಿ ಖಾಲಿ ಇರುತ್ತದಲ್ಲ, ಅದಕ್ಕೆ ಕಸ್ತೂರಿ ಎತ್ತರದ ಮಣೆಯ ಮೇಲೆ ಕುಳಿತು ವಾರಪತ್ರಿಕೆಯ ಪ್ರೇಮದ ಕಥೆಗಳನ್ನು ಓದುತ್ತಿದ್ದಳು. ಅವಳ ಪಾಲಿನ ಹಪ್ಪಳವನ್ನು ನಾವೆಲ್ಲ ಹಂಚಿಕೊಂಡು ಲಟ್ಟಿಸುತ್ತಿದ್ದೆವು. ನನಗೆ ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಹಿಂದಿನದು ತಣ್ಣಗಾಗುತ್ತದೆ. ಆದರೆ ಕೇಳಿದ್ದು ಮರೆಯುವುದಿಲ್ಲ. ಯಾವ ಕಥೆಯಲ್ಲಿ ಯಾರು ಯಾರ ಛತ್ರಿ ಮುರಿದರು, ಯಾವ ಡಾಕ್ಟರು ಯಾವ ನಾಟಕದ ಹುಡುಗಿಯ ಮೇಲೆ ಮೊದಲು ರೇಗಿದ, ಎಲ್ಲ ಈಗಲೂ ಹೇಳಬಲ್ಲೆ.

ಆ ಕಥೆಗಳಲ್ಲಿ ಯಾವಾಗಲೂ ಒಬ್ಬಳು ಒಲೆ ಕಡೆಯವಳು, ಒಬ್ಬ ಬಚ್ಚಲ ಕಡೆಯವನು. ಒಮ್ಮೊಮ್ಮೆ ತಿರುಗುಮುರುಗು. ಬರೆದವರು ಹೊರಗಿನವರು, ನಮ್ಮ ಮನೆಗಳ ಸಂಗತಿ ಅವರಿಗೆ ಗೊತ್ತಿರಲಾರದು. ಆದರೂ ಜೋಡಿ ಮಾತ್ರ ಹಾಗೇ ಕಟ್ಟುತ್ತಿದ್ದರು. ಅವಳು ಬಾಯಿಬಡುಕಿ, ಅವನು ಮೌನಿ. ಅವಳಿಗೆ ಪೇಟೆ ಸುತ್ತುವ ಹುಚ್ಚು, ಅವನಿಗೆ ಬಾಗಿಲು ಹಾಕಿಕೊಳ್ಳುವ ಹುಚ್ಚು. ಮೊದಲ ವಾರವೇ ನಮಗೆಲ್ಲ ಗೊತ್ತಾಗುತ್ತಿತ್ತು, ಇವರಿಬ್ಬರದೇ ಮದುವೆ ಎಂದು. ಗೊತ್ತಿದ್ದೂ ಕೇಳುತ್ತಿದ್ದೆವು. ಯಾಕೆ ಎಂದು ನಾನು ಲಟ್ಟಣಿಗೆ ಹಿಡಿದು ಬಹಳ ಯೋಚಿಸಿದ್ದೇನೆ. ಪಕ್ಕಪಕ್ಕ ಕುಳಿತವರ ನಡುವೆ ನೋಡುವುದಕ್ಕೆ ಏನಿದೆ? ಆಚೆ ದಂಡೆಯಲ್ಲಿ ಒಬ್ಬ, ಈಚೆ ದಂಡೆಯಲ್ಲಿ ಒಬ್ಬಳು ಇದ್ದರೆ ಆ ದಾರಿಯೆಲ್ಲ ನಮ್ಮದು. ಮೌನಿಯಾದವನು ಇಡೀ ಹತ್ತು ವಾರ ಕಾಯಿಸಿ ಒಂದು ಮಾತು ಆಡಿದರೆ ಚಪ್ಪರದಲ್ಲಿ ಲಟ್ಟಣಿಗೆಗಳು ಹಾಗೇ ನಿಲ್ಲುತ್ತಿದ್ದವು. ನಮ್ಮ ಮನೆಗಳಲ್ಲಿ ಅಂಥ ಮಾತು ಬರುತ್ತಿರಲಿಲ್ಲ. ಬಂದರೆ ಮನೆ ವಾಲುತ್ತಿತ್ತು.

ಒಂದು ಬೇಸಿಗೆಯಲ್ಲಿ ಕಥೆ ಬದಲಾಯಿತು. ಹುಡುಗಿ ಎಂದಿನಂತೆ ಬಾಯಿಬಡುಕಿ. ಆದರೆ ಹುಡುಗನೂ ಹಾಗೇ ಇದ್ದ. ಸೈಕಲ್ಲಿನ ಗಾಲಿಯ ಜೊತೆಗೆ ಜಗಳ ತೆಗೆಯುವವನು, ಪಂಪಿಗೆ ಬೈಯುವವನು, ತನ್ನ ಮಾತಿಗೆ ತಾನೇ ಮೊದಲು ನಗುವವನು. ಅವರಿಬ್ಬರೂ ಒಂದು ಮಾತಿನ ಮೇಲೆ ಇನ್ನೊಂದು ಮಾತು ಹಾಕಿ ಬೀದಿಯನ್ನೇ ಎಬ್ಬಿಸುತ್ತಿದ್ದರು. ಚಪ್ಪರದ ಹೆಂಗಸರು ಚಡಪಡಿಸಿದರು. ಹಪ್ಪಳಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಬಂದವು. ಎಂದೂ ಮಾತನಾಡದ ದುರ್ಗವ್ವ ಅಂದು ಬಾಯಿ ಬಿಟ್ಟಳು.

"ಇದೆಂಥಾ ಕಥಿವಾ? ಇಬ್ಬರೂ ಒಲಿ ಕಡ್ಯಾರು. ಯಾವಾಗ ಮನಿ ಬಿದ್ದೀತೋ ಅಂತ ನನಗ ಉಸಿರು ಬಿಡಾಕ ಆಗವಲ್ದು."

ಉಳಿದವರೂ ಹೂಂಗುಟ್ಟಿದರು. ಮರುದಿನ ಮಾತ್ರ ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದು ಕುಳಿತಿದ್ದರು.

ನಾನು ಕಸ್ತೂರಿಯ ಕಣ್ಣು ನೋಡುತ್ತಿದ್ದೆ. ಓದುವವರ ಕಣ್ಣು ಎಡದಿಂದ ಬಲಕ್ಕೆ ಹೋಗಿ ಹೋಗಿ ಕೆಳಗೆ ಇಳಿಯುತ್ತದೆ. ಇವಳ ಕಣ್ಣು ಪುಟದ ಒಂದೇ ಕಡೆ ನಿಂತಿತ್ತು, ಬಾಯಿ ಮಾತ್ರ ಓಡುತ್ತಿತ್ತು. ನಮ್ಮೂರಲ್ಲಿ ಪಂಪಿಗೆ ಬೈಯುವವನು ಒಬ್ಬನೇ. ಬಸ್ಸು ನಿಲ್ಲುವ ಜಾಗದಲ್ಲಿ ಸೈಕಲ್ಲು ರಿಪೇರಿ ಮಾಡುವ ಬಾಳೇಶ.

ಮನೆಗೆ ಹೋಗುವ ದಾರಿಯಲ್ಲಿ ಕೇಳಿದೆ, ಕಥೆಯ ಹುಡುಗನ ಅಂಗಡಿ ಬಸ್ಸು ನಿಲ್ಲುವಲ್ಲಿ ಇದೆಯೇನು ಎಂದು. ಅವಳು ಅಡ್ಡ ಮಾತಾಡಲಿಲ್ಲ.

"ಹೌದು ಆಯಿ. ನಾ ಅವನ್ನ ಮದಿವಿ ಆಗ್ತೀನಿ."

"ನಿನ್ನ ಕಡ್ಯಾಂವನ ಅಲ್ಲೇನ ಅವ?"

"ನನ್ನ ಕಡ್ಯಾಂವನ. ಅದಕ್ಕ ನನಗ ಅವನ ಮಾತು ಅರ್ಧಕ್ಕ ತಿಳಿತಾವು."

ಉಳಿದರ್ಧಕ್ಕೆ ಮನೆ ಮಗುಚುತ್ತದೆ ಎಂದು ನಾನು ಗದರಿಸಿದೆ. ಅವಳೂ ಗದರಿಸಿದಳು. ನಾವಿಬ್ಬರೂ ಒಲೆ ಕಡೆಯವರು. ಬಾಗಿಲು ಮುಟ್ಟುವವರೆಗೆ ಬೀದಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ನಮ್ಮ ಮನೆಯವರು ಬಚ್ಚಲ ಬದಿಯ ಗೋಡೆಗೆ ಒರಗಿ ತಮ್ಮ ಮಣೆಯ ಮೇಲೆ ಕುಳಿತಿದ್ದರು. ಎಲ್ಲ ಕೇಳಿಸಿಕೊಂಡರು.

ಸುದ್ದಿ ಹಿರಿಯರಿಗೆ ಮುಟ್ಟಿತು. ಅಡಿಗಲ್ಲು ಕೊಡುವ ಅಧಿಕಾರ ಆಗ ಮಾಲಿಂಗಪ್ಪನ ಕೈಯಲ್ಲಿತ್ತು. ಕೆಟ್ಟವನಲ್ಲ. ಮನೆ ಮಗುಚಿದ್ದನ್ನು ಅವನೂ ಹುಡುಗನಾಗಿದ್ದಾಗ ಕಣ್ಣಾರೆ ಕಂಡವನು, ಅದಕ್ಕೇ ಹೆದರುವವನು. ಇಂಥ ಜೋಡಿಗೆ ಕಲ್ಲು ಕೊಡಲಾರೆ ಎಂದ. ಕಸ್ತೂರಿ ಅವನ ಕಟ್ಟೆಯ ಮುಂದೆ ನಿಂತು, ತೂಗಿ ನೋಡದೆ ಇಲ್ಲವೆನ್ನುವುದು ಯಾವ ನ್ಯಾಯ ಎಂದು ಕೇಳಿದಳು. ಅವನು ಒಪ್ಪಿದ. ತೂಗಿ ನೋಡುವುದು ಊರಿನ ಪದ್ಧತಿಯೇ. ಊರಂಚಿನಲ್ಲಿ ತೂಗುಮನೆ ಎಂದು ಒಂದು ಖಾಲಿ ಮನೆಯಿದೆ. ಅನುಮಾನವಿದ್ದ ಜೋಡಿಗೆ ಒಂದು ದಿನದ ಮಟ್ಟಿಗೆ ಗಂಟು ಹಾಕಿ ಅಲ್ಲಿ ಕೂರಿಸುತ್ತಾರೆ. ನಡುವೆ ಕಂಚಿನ ಪರಾತದ ತುಂಬ ಮಜ್ಜಿಗೆ. ಹಿರಿಯರು ಬಾಗಿಲ ಹೊರಗೆ ಕುಳಿತು ಸಂಜೆಯವರೆಗೆ ಮಜ್ಜಿಗೆಯನ್ನು ನೋಡುತ್ತಾರೆ. ಚೆಲ್ಲದಿದ್ದರೆ ಕಲ್ಲು. ಚೆಲ್ಲಿದರೆ ಸಂಜೆಗೆ ಗಂಟು ಬಿಚ್ಚಿ ಅವರವರ ಮನೆಗೆ ಕಳಿಸುತ್ತಾರೆ, ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಕಸ್ತೂರಿಗೆ ಕಾದು ನಿಂತಿದ್ದ ಇನ್ನೊಂದು ಸಂಬಂಧವೂ ಇತ್ತು. ಸೊಸೈಟಿಯ ಗುಮಾಸ್ತ, ಬಚ್ಚಲ ಕಡೆಯ ಮಾಣಿಕ್ಯದಂಥ ಹುಡುಗ. ತೂಕ ತಪ್ಪಿದರೆ ಮುಂದಿನ ತಿಂಗಳೇ ಅವನಿಗೆ ಕೊಡುವುದೆಂದು ಮಾತಾಯಿತು. ಅವಳೇ ಒಪ್ಪಿದಳು. ಅಷ್ಟು ಧೈರ್ಯ ಅವಳಿಗೆ.

ತೂಗುವ ದಿನ ಗೊತ್ತಾದ ಮೇಲೆ ಬಾಳೇಶ ದಿನಾ ಮಧ್ಯಾಹ್ನ ನಮ್ಮ ಮನೆಗೆ ಬರತೊಡಗಿದ. ಕಸ್ತೂರಿ ಚಪ್ಪರದಲ್ಲಿ ಇರುವ ಹೊತ್ತು ನೋಡಿ ಬರುತ್ತಿದ್ದ. ನಮ್ಮ ಮನೆಯವರ ಪಕ್ಕದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ. ಒಂದು ಮಾತೂ ಇಲ್ಲ. ಏನಪ್ಪಾ ಎಂದು ಕೇಳಿದರೆ, ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ ಎಂದ. ಮೊದಮೊದಲು ಅವನ ಹಣೆ ಬೆವರುತ್ತಿತ್ತು, ಕಾಲ ಹೆಬ್ಬೆರಳು ಕುಣಿಯುತ್ತಿತ್ತು. ನಮ್ಮ ಮನೆಯವರು ಅವನ ಮೊಣಕಾಲ ಮೇಲೆ ಕೈ ಇಟ್ಟು ಅದನ್ನು ನಿಲ್ಲಿಸುತ್ತಿದ್ದರು. ದಿನ ಕಳೆದ ಹಾಗೆ ಹುಡುಗ ಎಷ್ಟು ಕಲಿತನೆಂದರೆ, ಚಪ್ಪರದಿಂದ ನಡುವೆ ಬಂದು ನಾನು ಕೊಟ್ಟ ಚಹಾ ಆರಿ ಕೆನೆಗಟ್ಟುವವರೆಗೆ ಕೈ ಹಾಕುತ್ತಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಇವನು ಬಚ್ಚಲ ಕಡೆ, ಅವಳು ಒಲೆ ಕಡೆ, ಇನ್ನೇನು ಬೇಕು ಎಂದುಕೊಂಡೆ. ಕಸ್ತೂರಿಗೆ ಹೇಳಬೇಡಿ ಎಂದು ಅವನು ಕೈ ಮುಗಿದಿದ್ದರಿಂದ ಹೇಳಲಿಲ್ಲ.

ತೂಗುಮನೆಯಲ್ಲಿ ನಾನೇ ಗಂಟು ಹಾಕಿದೆ. ಮಾಲಿಂಗಪ್ಪ ಮಜ್ಜಿಗೆ ಸುರಿದ. ಹೊರಗೆ ಬಂದು ಕುಳಿತೆವು. ಹಪ್ಪಳದ ಹೆಂಗಸರು ಅಂದು ಕೆಲಸ ಬಿಟ್ಟು ಬಂದಿದ್ದರು, ನಮ್ಮ ಮನೆಯವರೂ ಬಂದು ಒಂದು ಕಡೆ ಕುಳಿತಿದ್ದರು.

ಒಳಗಿನಿಂದ ಸದ್ದಿಲ್ಲ. ಬಾಳೇಶ ಕಲಿತ ಹಾಗೆ ಗೋಡೆಗೆ ಒರಗಿ ಅರ್ಧ ಕಣ್ಣು ಮುಚ್ಚಿದ್ದ. ಸರಿ. ಕಸ್ತೂರಿ ಈಗ ಬಾಯಿ ತೆರೆಯುತ್ತಾಳೆ ಎಂದು ಕಾದೆ. ಅವಳು ಕೆನ್ನೆಯಲ್ಲಿ ಇಡೀ ಅಡಿಕೆ ಇಟ್ಟುಕೊಂಡು, ತಲೆ ತಗ್ಗಿಸಿ, ನೆಲದ ಮೇಲೆ ಬೆರಳಾಡಿಸುತ್ತ ಕುಳಿತಿದ್ದಳು. ಯಾರು ಕಂಡರೂ ಬಚ್ಚಲ ಕಡೆಯವರ ಮನೆಯಲ್ಲಿ ಹುಟ್ಟಿದವಳು ಅನ್ನಬೇಕು. ಚಪ್ಪರದಲ್ಲಿ ಅವಳು ಇಷ್ಟು ದಿನ ದುರ್ಗವ್ವನ ಪಕ್ಕಕ್ಕೇ ಮಣೆ ಹಾಕಿಕೊಂಡು ಕೂತಿದ್ದು ಯಾಕೆಂದು ಆಗ ಹೊಳೆಯಿತು. ಅವನಿಗಾಗಿ ಇವಳು, ಇವಳಿಗಾಗಿ ಅವನು, ಇಬ್ಬರೂ ಆಚೆ ಕಡೆಗೆ ಹೋಗಿ ಕುಳಿತಿದ್ದರು. ಮನೆ ಮೆಲ್ಲಗೆ ಬಚ್ಚಲ ಕಡೆಗೆ ವಾಲಿತು. ಮಜ್ಜಿಗೆ ಪರಾತದ ಅಂಚು ಮುಟ್ಟಿ ಒಂದು ಎಳೆಯಾಗಿ ಇಳಿಯಿತು.

ಮಾಲಿಂಗಪ್ಪ ಪಟಗ ತೆಗೆದು ತಲೆ ಕೆರೆದುಕೊಂಡ. ಎರಡು ಒಲೆ ಕೂಡಿ ಹೀಗೆ ತಣ್ಣಗಾದದ್ದನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಒಳಗೆ ಬಾಳೇಶ ಕಣ್ಣು ತೆರೆದು ಮಜ್ಜಿಗೆ ನೋಡಿದ, ಇವಳನ್ನು ನೋಡಿದ.

"ಏನರ ಮಾತಾಡು," ಎಂದ ಮೆಲ್ಲಗೆ.

ಕಸ್ತೂರಿ ಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಂದುಕೊಂಡಳು. "ನೀ ಮಾತಾಡು. ನಾ ಬಚ್ಚಲ ಕಡೆ ಆಗೀನಿ."

"ನಾನೂ ಆಗೀನಿ."

"ಯಾರು ಆಗಂದ್ರು ನಿನಗ?"

"ನಿನಗ ಯಾರು ಅಂದ್ರು? ಇಷ್ಟು ದಿವ್ಸ ಮುತ್ಯಾನ ಬಾಜೂಕ ಕುಂತು ನನ್ನ ನಾಲಿಗಿ ತುಕ್ಕು ಹಿಡದೈತಿ."

"ನಂದು ಹಿಡದಿಲ್ಲೇನು?"

ದನಿ ಏರಿತು. ಅಡಿಕೆ ಹೊರಗೆ ಬಿತ್ತು. ಮನೆ ಒಮ್ಮೆ ನಡುಗಿ, ಬಚ್ಚಲ ಕಡೆಯಿಂದ ಎದ್ದು, ಒಲೆ ಕಡೆಗೆ ದಡದಡನೆ ಬಾಗಿತು. ಮಜ್ಜಿಗೆ ಈ ಬದಿಗೂ ಚೆಲ್ಲಿತು. ಹೊರಗೆ ಹೆಂಗಸರು ಎದ್ದು ದೂರ ಸರಿದರು. ಗೋಡೆಯ ಮಣ್ಣು ಉದುರುವುದನ್ನು ಕಂಡು ಬಾಳೇಶ ಮಾತು ನುಂಗಿಕೊಂಡ. ಅವಳು ಬೈಯುತ್ತಲೇ ಇದ್ದಳು, ಅವನು ಕೇಳುತ್ತ ಕುಳಿತ. ಮನೆ ಮೆಲ್ಲಗೆ ಎದ್ದು ಸಮಕ್ಕೆ ಬಂದು ನಿಂತಿತು. ಆಮೇಲೆ ಅವಳು ದಣಿದು ಸುಮ್ಮನಾದಳು. ಅವಳನ್ನು ನಗಿಸಲು ಅವನು ಶುರುವಿಟ್ಟುಕೊಂಡ. ಅವಳು ನಕ್ಕಳು, ಮತ್ತೆ ಒಲೆ ಕಡೆಗೆ. ಮತ್ತೆ ಒಬ್ಬರು ತಡೆದುಕೊಂಡರು, ಮತ್ತೆ ಸಮ. ದಿನವಿಡೀ ಹೀಗೇ. ನೆರಳು ತಿರುಗುವಷ್ಟರಲ್ಲಿ ಪರಾತದ ತಳ ಕಾಣುತ್ತಿತ್ತು.

ಉಳಿದವರು ಮಜ್ಜಿಗೆ ನೋಡುತ್ತಿದ್ದರು. ನಾನು ಮನೆ ನೋಡುತ್ತಿದ್ದೆ. ವಾಲಿದ ಮನೆಗಳನ್ನು ಕಂಡಿದ್ದೇನೆ, ನಿಂತ ಮನೆಗಳನ್ನು ಕಂಡಿದ್ದೇನೆ. ವಾಲಿ ತಾನಾಗಿ ತಿರುಗಿ ಬಂದ ಮನೆಯನ್ನು ಅಂದೇ ಕಂಡದ್ದು. ನನಗೆ ನಮ್ಮ ಮನೆ ನೆನಪಾಯಿತು. ಅದು ಸಮ ನಿಂತದ್ದು ಹೇಗೆಂದು ನನಗೂ ನಮ್ಮ ಮನೆಯವರಿಗೂ ಗೊತ್ತು. ಅವರು ಒಂದು ದಿನವೂ ದನಿ ಎತ್ತಲಿಲ್ಲ. ನಾನು ಒಂದು ದಿನವೂ ದನಿ ಇಳಿಸಲಿಲ್ಲ. ಮಗಳು ಹೋದ ದಿನ ನನಗೆ ಮೂಲೆ ಹಿಡಿದು ಸುಮ್ಮನೆ ಕೂರಬೇಕು ಅನ್ನಿಸಿತ್ತು. ಕೂರಲಿಲ್ಲ. ಮನೆ ವಾಲೀತೆಂದು, ಹೊತ್ತು ಮುಳುಗುವವರೆಗೆ ಬಂದವರ ಮೇಲೆ ಹೋದವರ ಮೇಲೆ ಬಾಯಿ ಮಾಡುತ್ತಲೇ ಇದ್ದೆ. ಅವರಿಗೆ ಅಂದು ಎದೆ ಬಡಿದುಕೊಂಡು ಕೂಗಬೇಕು ಅನ್ನಿಸಿತ್ತೋ ಏನೋ. ಗೋಡೆಗೆ ಒರಗಿ ಕೂತೇ ಇದ್ದರು. ನೆಲದ ಮೇಲೆ ನೀರಿನ ಚೆಂಬು ಅಲುಗದೆ ನಿಂತಿತ್ತು. ಬಂದವರು ಅದನ್ನು ನೋಡಿ, ಎಂಥ ಮನೆ ಎಂದು ಹೊಗಳಿ ಹೋದರು. ಚಪ್ಪರದಲ್ಲಿ ನಾವು ಬಾಯಿ ಬಿಟ್ಟು ಕೇಳುತ್ತಿದ್ದ ಕಥೆಗಳಲ್ಲಿ ಆಚೆಯವನು ಈಚೆಗೆ ಬರುತ್ತಿದ್ದ, ಈಚೆಯವಳು ಆಚೆಗೆ ಹೋಗುತ್ತಿದ್ದಳು. ನಾವಿಬ್ಬರು ಮದುವೆಯ ದಿನ ಕೂತಲ್ಲೇ ಕೂತಿದ್ದೆವು.

ಸಂಜೆ ಮಾಲಿಂಗಪ್ಪ ಎದ್ದು ಬಾಗಿಲಿಗೆ ಬಂದ. ಗಂಟು ಬಿಚ್ಚಬೇಕೆಂದ. ಕಸ್ತೂರಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಗಂಟು ಹಾಕಿದವರೇ ಬಿಚ್ಚಬೇಕು, ಅದು ಪದ್ಧತಿ. ನಾನು ಕೂತಲ್ಲಿಂದ ಏಳಲಿಲ್ಲ.

"ಮಾಲಿಂಗಪ್ಪ, ಮನಿ ವಾಲಿದ್ದು ನೋಡಿದಿ. ತಿರುಗಿ ಬಂದಿದ್ದು ನೋಡಲಿಲ್ಲೇನು?"

"ನೋಡಿದೆ ಅಕ್ಕಾರ. ಬಂತು, ಮತ್ತ ಹೋತು."

"ಮತ್ತ ಬಂತು."

"ಪರಾತದಾಗ ಮಜ್ಜಿಗಿ ಉಳಿದಿಲ್ರಿ. ನಾ ಕಲ್ಲು ಕೊಟ್ಟು ನಾಳೆ ಆ ಮನಿ ಮಗುಚಿದ್ರ ಊರು ನನ್ನ ಕೇಳತೈತಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಊರಿನ ಕಲ್ಲು, ಊರಿನ ಲೆಕ್ಕ. "ನಿನ್ನ ಕಲ್ಲು ನಿನ್ನ ಹತ್ರನ ಇರಲಿ," ಎಂದೆ. "ನನ್ನ ಮನಿಗೆ ಕಲ್ಲು ಐತಿ. ಇವ್ರು ಗಂಟು ಹಾಕ್ಕೊಂಡು ಅಲ್ಲೇ ಬಂದಿರಲಿ."

ಊರಿನಲ್ಲಿ ಅಷ್ಟು ಸಮ ನಿಂತ ಮನೆ ಇನ್ನೊಂದಿರಲಿಲ್ಲ. ಅದನ್ನು ಹೀಗೆ ಅಲುಗಾಡುವುದಕ್ಕೆ ಕೊಡುತ್ತೇನೆಂದರೆ ಯಾರಿಗೆ ನಂಬಿಕೆ ಬರಬೇಕು? ಮಾಲಿಂಗಪ್ಪ ನಮ್ಮ ಮನೆಯವರ ಕಡೆ ತಿರುಗಿದ. ಮನೆ ಅವರದೂ ಹೌದಲ್ಲ. ಎಲ್ಲರ ಕಣ್ಣೂ ಅವರ ಮೇಲೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದರು, ಧೋತರ ಕೊಡವಿಕೊಂಡರು, ಮನೆಯ ದಾರಿ ಹಿಡಿದು ಹೊರಟೇ ಬಿಟ್ಟರು.

ಮಾಲಿಂಗಪ್ಪ ನಿಟ್ಟುಸಿರಿಟ್ಟು, ಆಯಿತಲ್ಲ ಅಕ್ಕಾರ ಅನ್ನುವ ಹಾಗೆ ನನ್ನನ್ನು ನೋಡಿದ. ಬಾಳೇಶನ ಮುಖ ಇಳಿಯಿತು. ನಾನು ಎದ್ದು ಅವರ ಹಿಂದೆ ಹೋದೆ. ಗಂಟು ಬಿಚ್ಚದ ಜೋಡಿ ನನ್ನ ಹಿಂದೆ, ಊರು ಅವರ ಹಿಂದೆ.

ನಾವು ಹೊಸ್ತಿಲು ಮುಟ್ಟುವಷ್ಟರಲ್ಲಿ ಅವರು ಅಟ್ಟದಿಂದ ಬಾವಿಯ ಹಗ್ಗ ಇಳಿಸಿಕೊಂಡಿದ್ದರು. ಗಡಿಗೆಗಳ ಸಾಲಿಗೆ ಹಗ್ಗ ಸುತ್ತಿ ಗೂಟಕ್ಕೆ ಬಿಗಿದರು. ಹಿತ್ತಾಳೆಯ ಹಂಡೆಗೆ ಒಂದು ಸುತ್ತು. ಬೀಸುಕಲ್ಲಿನ ಎರಡೂ ಬದಿಗೆ ಮರದ ಚಕ್ಕೆ ಬಡಿದರು. ದೀಪದ ಗೂಡಿಗೆ ಅಡ್ಡಪಟ್ಟಿ ಕೊಟ್ಟರು. ಗಂಟುಗಳನ್ನು ಜಗ್ಗಿ ಜಗ್ಗಿ ನೋಡಿದರು. ಬಾಳೇಶ ಶಲ್ಯದ ಗಂಟಿನ ಸಮೇತ ಹೋಗಿ ಹಗ್ಗದ ಇನ್ನೊಂದು ತುದಿ ಹಿಡಿದ. ಕಸ್ತೂರಿಯೂ ಜೊತೆಗೆ ಎಳೆಸಿಕೊಂಡು ಹೋದಳು. ಬಾಗಿಲಲ್ಲಿ ನಿಂತ ಮಾಲಿಂಗಪ್ಪ ಒಂದಷ್ಟು ಹೊತ್ತು ನೋಡಿದ. ಆಮೇಲೆ ಒಳಗೆ ಬಂದು, ಮಸಾಲೆ ಡಬ್ಬಿಗೆ ಗಂಟು ಸಾಲದು, ಇನ್ನೊಂದು ಹಾಕಿರಿ ಎಂದು ತೋರಿಸಿದ.

ಆ ವಾರವೇ ಅಕ್ಷತೆ ಬಿತ್ತು. ಮದುವೆಯ ಗಲಾಟೆಯಲ್ಲಿ ಮನೆ ಸ್ವಲ್ಪ ತೂಗಿತು ಅಷ್ಟೆ. ಮರುದಿನ ನೆಂಟರೆಲ್ಲ ಹೋದ ಮೇಲೆ ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ಎಂದಿನಂತೆ ಬಚ್ಚಲ ಬದಿಯ ಗೋಡೆಗೆ, ಮಣೆಯ ಮೇಲೆ. ಹೊರಗಿನ ಅಂಗಳದಿಂದ ಒಳಗೆ ಬರುತ್ತ ಬಾಳೇಶ ತನ್ನ ಅಂಗಡಿಯ ಯಾವುದೋ ಸಂಗತಿ ಹೇಳಿದ, ಕಸ್ತೂರಿ ಅದಕ್ಕೆ ಏನೋ ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅದೇನು ನಗುವೋ, ಒಬ್ಬರದು ಮುಗಿಯುವಷ್ಟರಲ್ಲಿ ಇನ್ನೊಬ್ಬರದು ಹೊತ್ತಿಕೊಳ್ಳುತ್ತಿತ್ತು. ಯಾರೂ ತಡೆದುಕೊಳ್ಳಲಿಲ್ಲ. ಮನೆ ಒಲೆ ಕಡೆಗೆ ಬಾಗಿತು. ಹಗ್ಗಗಳು ಬಿಗಿದವು, ಗಡಿಗೆಗಳು ಒಂದಕ್ಕೊಂದು ತಾಗಿ ನಿಂತವು. ಎಲ್ಲವನ್ನೂ ಕಟ್ಟಿದವರು ತಮ್ಮನ್ನು ಕಟ್ಟಿಕೊಳ್ಳುವುದನ್ನು ಮರೆತಿದ್ದರು. ಮಣೆಯ ಸಮೇತ, ಸಗಣಿ ಸಾರಿಸಿದ ನೆಲದ ಮೇಲೆ ಮೆಲ್ಲಗೆ ಜಾರಿಕೊಂಡು ಬಂದರು. ಹಿಡಿದುಕೊಳ್ಳಲು ಎಲ್ಲಿಯೂ ಕೈ ಚಾಚಲಿಲ್ಲ. ಬಂದು ನನ್ನ ಮಗ್ಗುಲಿಗೆ ಒಲೆಯ ಮುಂದೆ ನಿಂತರು.

ಅಷ್ಟು ಹತ್ತಿರದಲ್ಲಿ, ಬೆಂಕಿಯ ಬೆಳಕಿನಲ್ಲಿ, ಅವರ ಮುಖವನ್ನು ನಾನು ನೋಡಿರಲಿಲ್ಲ. ಅವರೂ ನನ್ನನ್ನು ನೋಡುತ್ತಿದ್ದರು. ಹೇಳಲು ನನಗೆ ಏನೂ ತೋಚಲಿಲ್ಲ, ಸುಮ್ಮನಿದ್ದೆ.

"ಬಿಸಿ ರೊಟ್ಟಿ ಹಾಕು," ಎಂದರು ಅವರು, ಆ ಇಬ್ಬರ ನಗುವನ್ನೂ ಮೀರಿ ಕೇಳುವಷ್ಟು ಜೋರಾಗಿ. "ಇಲ್ಲೇ ಉಣ್ತೀನಿ."